ರಕ್ತ ಬೇಡ, ಪ್ಲಾಸ್ಮಾ ಕೊಡಿ

ರಕ್ತಪಿಶಾಚಿಗೆ ಇರುವುದು ಒಂದೇ ಕಸುಬು. ಕುತ್ತಿಗೆಗೆ ಹಲ್ಲು ಹಾಕಬೇಕು, ರಕ್ತ ಕುಡಿಯಬೇಕು. ಅದನ್ನೂ ಮಾಡಬೇಡ ಅಂದರೆ ಪಾಪ ಅದು ಹೊಟ್ಟೆ ಹೊರೆಯುವುದು ಹೇಗೆ? ಅಮೆರಿಕದ ಟೀವಿಯವರು 1990ರ ದಶಕದಲ್ಲಿ ಇದಕ್ಕೊಂದು ದಾರಿ ಹುಡುಕಿದರು. ಅದರ ಬಾಯಿಯನ್ನು ಅಂಗೈಗೆ ಅಂಟಿಸಿದರು.

1994ರ ನವೆಂಬರ್‌ನಲ್ಲಿ ಫಾಕ್ಸ್ ಕಿಡ್ಸ್‌ನಲ್ಲಿ ಸ್ಪೈಡರ್‌ಮ್ಯಾನ್ ಕಾರ್ಟೂನ್ ಶುರುವಾಯಿತು. ಶನಿವಾರ ಬೆಳಿಗ್ಗೆ, ಅಪ್ಪ ಅಮ್ಮ ಇನ್ನೂ ಹೊದ್ದು ಮಲಗಿರುವಾಗ ಮಕ್ಕಳು ಟೀವಿ ಮುಂದೆ ಕೂರುವ ಹೊತ್ತು. ಅಲ್ಲಿನ ಚಾನೆಲ್‌ಗಳಲ್ಲಿ ಸ್ಟ್ಯಾಂಡರ್ಡ್ಸ್ ಅಂಡ್ ಪ್ರಾಕ್ಟೀಸಸ್ ಅಂತ ಒಂದು ವಿಭಾಗ ಇರುತ್ತದೆ. ಕಥೆ ಓದಿ, ಚಿತ್ರ ನೋಡಿ, ಮಕ್ಕಳು ಕೆಟ್ಟುಹೋಗುವಂಥದ್ದನ್ನು ಕತ್ತರಿಸುವುದು ಅದರ ಕೆಲಸ. ಆ ವಿಭಾಗದ ಕಣ್ಣಿಗೆ ಬಿದ್ದವನು ಈ ಕಥೆಯ ರಕ್ತಪಿಶಾಚಿ ಮಾರ್ಬಿಯಸ್.

ಅವನದು ಮೊದಲಿಂದಲೂ ಗ್ರಹಚಾರವೇ. 1954ರ ಕಾಮಿಕ್ಸ್ ಕೋಡ್ ಎಂಬ ನಿಯಮಾವಳಿ, ಕಾಮಿಕ್ಸ್ ಪುಸ್ತಕಗಳಲ್ಲಿ ರಕ್ತಪಿಶಾಚಿ ಕಾಣಿಸಲೇಬಾರದು ಅಂದಿತ್ತು. 1971ರಲ್ಲಿ ಆ ನಿಯಮ ಸಡಿಲವಾಯಿತು. ಅದೇ ವರ್ಷ ಇವನು ಹುಟ್ಟಿದ. ಹದಿನೇಳು ವರ್ಷ ಕಾದು ಬಂದ ಹಲ್ಲಿಗೆ ಟೀವಿಯಲ್ಲಿ ಕೆಲಸವೇ ಇಲ್ಲ! ಕಾರ್ಟೂನಿನ ಮಾರ್ಬಿಯಸ್ ಕಚ್ಚುವುದಿಲ್ಲ. ಅವನ ಅಂಗೈಯಲ್ಲಿ ಹೀರುವ ಬಾಯಿಗಳಿವೆ. ಎದುರಿಗೆ ಸಿಕ್ಕವರ ಮೇಲೆ ಕೈ ಇಡುತ್ತಾನೆ, ಹೀರುತ್ತಾನೆ. ಆಶೀರ್ವಾದ ಮಾಡುತ್ತಿದ್ದಾನೋ ಊಟ ಮಾಡುತ್ತಿದ್ದಾನೋ ಗೊತ್ತಾಗುವುದಿಲ್ಲ. ಅದೂ ರಕ್ತವಲ್ಲ, ಪ್ಲಾಸ್ಮಾ. ಬ್ಲಡ್ ಬ್ಯಾಂಕಿನ ಮುಂದೆ ಡಾಕ್ಟರ ಚೀಟಿ ಹಿಡಿದು ನಿಂತ ರೋಗಿಯ ಭಾವಮೈದುನನ ಹಾಗೆ, ಪ್ಲಾಸ್ಮಾ ಬೇಕು ಪ್ಲಾಸ್ಮಾ ಅಂತ ಊರೆಲ್ಲ ಅಲೆಯುತ್ತಾನೆ.

ರಕ್ತದಲ್ಲಿ ಅರ್ಧಕ್ಕಿಂತ ಜಾಸ್ತಿ, ಸುಮಾರು ಶೇ. 55, ಪ್ಲಾಸ್ಮಾನೇ. ಬಣ್ಣ ತಿಳಿಹಳದಿ. ಅಂದರೆ ಮನುಷ್ಯನ ಮೈಯಿಂದ ಹಳದಿ ಹೀರಿದರೆ ಮಕ್ಕಳಿಗೆ ಏನೂ ಆಗುವುದಿಲ್ಲ, ಕೆಂಪು ಹೀರಿದರೆ ಹಾಳಾಗುತ್ತಾರೆ. ಉಳಿದ ಶೇ. 45 ಅನ್ನು ಅವನು ಅಲ್ಲೇ ಬಿಟ್ಟು ಹೋಗುತ್ತಾನಾ? ಯಾರೂ ಹೇಳಲಿಲ್ಲ.

ಹೀರೋನ ಪಾಡೂ ಅಷ್ಟಕ್ಕಷ್ಟೆ. ಐದು ಸೀಸನ್, 65 ಕಂತು. ಅಷ್ಟರಲ್ಲಿ ಅವನು ಮುಷ್ಟಿ ಬಿಗಿದು ಗುದ್ದಿದ್ದು ಬೆರಳಲ್ಲಿ ಎಣಿಸುವಷ್ಟು ಸಲ. ಉಳಿದಂತೆ ಬಲೆ ಎಸೆಯುತ್ತಾನೆ, ಪಕ್ಕಕ್ಕೆ ಹಾರುತ್ತಾನೆ, ಜೋಕ್ ಹೊಡೆಯುತ್ತಾನೆ. ಚಾವಣಿ ಮೇಲೆ ಇಳಿಯುವಾಗ ಪಾರಿವಾಳಗಳಿಗೆ ತೊಂದರೆ ಕೊಡಬಾರದು ಅಂತಲೂ ಸೂಚನೆ ಬಂದಿತ್ತಂತೆ. ನ್ಯೂಯಾರ್ಕ್ ಪೊಲೀಸರ ಕೈಯಲ್ಲಿ ಬೆಳಕು ಕಾರುವ ಲೇಸರ್ ಬಂದೂಕು. ಅಸಲಿ ಬಂದೂಕು ಅಂಗಡಿಯಲ್ಲೇ ಸಿಗುವ ದೇಶ ಅದು, ಇರಲಿ ಬಿಡಿ. ಕಾಮಿಕ್‌ನ ಸಿನಿಸ್ಟರ್ ಸಿಕ್ಸ್ ಎಂಬ ಆರು ಖಳರ ಗ್ಯಾಂಗು ಟೀವಿಯಲ್ಲಿ ಇನ್ಸಿಡಿಯಸ್ ಸಿಕ್ಸ್ ಆಯಿತು. ಕಸುಬು ಅದೇ, ಬೋರ್ಡು ಮಾತ್ರ ಬೇರೆ.

ಇನ್ನು ಸಾವು. 1973ರ ಕಾಮಿಕ್‌ನಲ್ಲಿ ಗ್ರೀನ್ ಗಾಬ್ಲಿನ್ ಎಂಬ ಖಳ ಸೇತುವೆಯಿಂದ ಕೆಡವಿದ, ಹೀರೋನ ಪ್ರೇಯಸಿ ಗ್ವೆನ್ ಸ್ಟೇಸಿ ಸತ್ತೇ ಹೋಗಿದ್ದಳು. ಕಾರ್ಟೂನಿನಲ್ಲೂ ಸೇತುವೆ ಇದೆ, ಗಾಬ್ಲಿನ್ ಇದ್ದಾನೆ. ಬಿದ್ದವಳು ಇಲ್ಲಿನ ಪ್ರೇಯಸಿ ಮೇರಿ ಜೇನ್. ಬಿದ್ದದ್ದು ಇನ್ನೊಂದು ಲೋಕದ ಬಾಗಿಲೊಳಕ್ಕೆ. ಗಾಬ್ಲಿನ್‌ನನ್ನೂ ಅಂಥದ್ದೇ ಲೋಕಕ್ಕೆ ಸಾಗಹಾಕಿದರು. ಹೆಣ ಇಲ್ಲ, ತಿಥಿ ಇಲ್ಲ, ಮಕ್ಕಳು ಸುರಕ್ಷಿತ. ಪುಣ್ಯಕೋಟಿ ಮುಂದೆ ಪ್ರಾಣ ಬಿಟ್ಟ ನಮ್ಮ ಹುಲಿ ಇವರ ಕೈಗೆ ಸಿಕ್ಕಿದ್ದರೆ, ಬೆಟ್ಟದ ಪಕ್ಕ ಒಂದು ಬಾಗಿಲು ತೆರೆದು ಅದನ್ನೂ ಒಳಗೆ ಕಳಿಸಿರುತ್ತಿದ್ದರು.

ಎಲ್ಲ ಪಾಪವನ್ನೂ ಈ ಕತ್ತರಿಯವರ ತಲೆಗೇ ಕಟ್ಟಬಾರದು, ನಿಜ. ನಾಲ್ವರು ಸೂಪರ್ ಹೀರೋಗಳ ತಂಡದ ಕಥೆಯಾದ 1978ರ ಫೆಂಟಾಸ್ಟಿಕ್ ಫೋರ್ ಕಾರ್ಟೂನಿನಲ್ಲಿ ಮೈಗೆ ಬೆಂಕಿ ಹೊತ್ತಿಸಿಕೊಳ್ಳುವ ಹ್ಯೂಮನ್ ಟಾರ್ಚ್ ಇರಲಿಲ್ಲ. ಅವನ ಜಾಗದಲ್ಲಿ ಹರ್ಬಿ ಅನ್ನುವ ಪುಟ್ಟ ರೋಬೋ. ಮಕ್ಕಳು ನೋಡಿ ತಾವೂ ಬೆಂಕಿ ಹಚ್ಚಿಕೊಂಡಾರು ಅಂತ ಹೆದರಿ ತೆಗೆದರಂತೆ ಎಂಬ ಪುಕಾರು ವರ್ಷಗಟ್ಟಲೆ ಓಡಾಡಿತು. ಅಸಲಿಗೆ ಆ ಪಾತ್ರದ ಹಕ್ಕನ್ನು ಬೇರೆ ಕಡೆ ಕೊಟ್ಟಾಗಿತ್ತು. ಆದರೆ ಜನ ಪುಕಾರನ್ನೇ ನಂಬಿದರು. ಅಂಥ ಹೆಸರು ಮಾಡಿದ್ದರಲ್ವಾ ಇವರು!

ಇಷ್ಟು ಹರಿತವಾದ ಕತ್ತರಿ ಜಾಹೀರಾತಿನ ಹತ್ತಿರ ಬಂದರೆ ಮಾತ್ರ ಮೊಂಡು. ಅಮೆರಿಕದ 1990ರ ಮಕ್ಕಳ ಟೀವಿ ಕಾಯ್ದೆ ವಾರಾಂತ್ಯದಲ್ಲಿ ಗಂಟೆಗೆ 10.5 ನಿಮಿಷದ ತನಕ ಜಾಹೀರಾತಿಗೆ ಬಿಟ್ಟುಕೊಟ್ಟಿದೆ. ಸ್ಪೈಡರ್‌ಮ್ಯಾನ್ ಗೊಂಬೆಯನ್ನು ಸ್ಪೈಡರ್‌ಮ್ಯಾನ್ ಕಾರ್ಯಕ್ರಮದ ನಡುವೆ ಮಾರುವಂತಿಲ್ಲ. ಬೇರೆ ಹೀರೋನ ಕಾರ್ಯಕ್ರಮದ ನಡುವೆ ಧಾರಾಳವಾಗಿ ಮಾರಬಹುದು. ಈ ಸರಣಿಯ ಎಕ್ಸಿಕ್ಯೂಟಿವ್ ಪ್ರೊಡ್ಯೂಸರ್‌ಗಳಲ್ಲಿ ಒಬ್ಬರು ಅವಿ ಅರಾದ್. ಸ್ಪೈಡರ್‌ಮ್ಯಾನ್ ಗೊಂಬೆ ಮಾಡುತ್ತಿದ್ದ ಟಾಯ್ ಬಿಜ್ ಕಂಪನಿಯವರು.

ಗೊಂಬೆ ಮನೆಗೆ ಬಂತು. ಮಕ್ಕಳು ನೆಲದ ಮೇಲೆ ಕೂತು, ಒಂದು ಕೈಯಲ್ಲಿ ಸ್ಪೈಡರ್‌ಮ್ಯಾನ್, ಇನ್ನೊಂದು ಕೈಯಲ್ಲಿ ಗಾಬ್ಲಿನ್ ಹಿಡಿದರು. ಮುಖಕ್ಕೊಂದು ಗುದ್ದು, ಎದೆಗೊಂದು ಒದೆ, ಸೋಫಾದ ತುದಿಯಿಂದ ಕೆಳಕ್ಕೆ ದೂಡಿ ಸತ್ತ ಸತ್ತ ಅಂತ ಕೂಗು. 65 ಕಂತಿನಲ್ಲಿ ತಡೆದಿಟ್ಟದ್ದೆಲ್ಲ ಹತ್ತು ನಿಮಿಷದಲ್ಲಿ ಮುಗಿಯಿತು. ಹೊಡೆಯುವವನಿಗೊಂದು ಅಂಗಡಿ ಬಿಲ್ಲು, ಹೊಡೆಸಿಕೊಳ್ಳುವವನಿಗೆ ಇನ್ನೊಂದು.