ಗವರ್ನರರು ಒಪ್ಪದ ಪ್ಲೇಗು

ಸಾಂಕ್ರಾಮಿಕ ರೋಗವನ್ನು ಊರಿನಿಂದ ಅಟ್ಟಲು ಲಸಿಕೆ, ಇಲಿಬೋನು, ಚರಂಡಿ ಎಂದು ಬೊಕ್ಕಸ ಕರಗಿಸುವ ಆಡಳಿತಗಳು ಕ್ಯಾಲಿಫೋರ್ನಿಯಾದ ಗವರ್ನರ್ ಹೆನ್ರಿ ಗೇಜ್ ಅವರ ದಾರಿಯನ್ನು ಇನ್ನೂ ಸರಿಯಾಗಿ ಅಭ್ಯಾಸ ಮಾಡಿಲ್ಲ. ರೋಗವೇ ಇಲ್ಲವೆಂದ ಮೇಲೆ ಖರ್ಚಿನ ಮಾತೆಲ್ಲಿ?

1900ರ ಮಾರ್ಚ್ 6ರಂದು ಸ್ಯಾನ್ ಫ್ರಾನ್ಸಿಸ್ಕೋದ ಚೈನಾಟೌನಿನ ಹೋಟೆಲೊಂದರ ನೆಲಮಾಳಿಗೆಯಲ್ಲಿ ಚೀನೀಯನೊಬ್ಬನ ಹೆಣ ಸಿಕ್ಕಿತು. ತೊಡೆಸಂದಿನ ಗಡ್ಡೆ ಕಂಡ ವೈದ್ಯರಿಗೆ ಪ್ಲೇಗಿನ ಅನುಮಾನ ಬಂತು. ಮರುದಿನವೇ ನಗರದ ಆರೋಗ್ಯ ಮಂಡಳಿ ಬಡಾವಣೆಯ ಸುತ್ತ ಹಗ್ಗ ಬಿಗಿದು ಪೊಲೀಸರನ್ನು ನಿಲ್ಲಿಸಿತು. ಒಳಗಿದ್ದ ಬಿಳಿಯರು ಹೊರಗೆ ಬರಬಹುದಿತ್ತು, ಚೀನೀಯರು ಬರುವಂತಿರಲಿಲ್ಲ. ಮೇ ಕೊನೆಯಲ್ಲಿ ಎರಡನೆಯ ಸಲ ದಿಗ್ಬಂಧನ ಹಾಕಿದಾಗಲಂತೂ ಗಡಿರೇಖೆಯು ಬಿಳಿಯರ ಕಟ್ಟಡ ಎದುರಾದಲ್ಲೆಲ್ಲ ವಿನಯದಿಂದ ಪಕ್ಕಕ್ಕೆ ಸರಿದು, ಬಳಸಿಕೊಂಡು ಮುಂದೆ ಹೋಯಿತು. ರೋಗಾಣುವಿಗೆ ಇಷ್ಟು ಚೆನ್ನಾಗಿ ಚರ್ಮದ ಬಣ್ಣ ತಿಳಿಯುತ್ತದೆಂಬುದು ನ್ಯಾಯಾಧೀಶ ಮಾರೋ ಅವರಿಗೆ ಮನವರಿಕೆಯಾಗದೆ, ಜೂನಿನಲ್ಲಿ ಆ ದಿಗ್ಬಂಧನ ರದ್ದಾಯಿತು.

ಮೊದಲ ಹಗ್ಗ ಬಿಚ್ಚಿದ ಕಥೆ ಇನ್ನೂ ಸೊಗಸಾಗಿದೆ. ಫೆಡರಲ್ ವೈದ್ಯಾಧಿಕಾರಿ ಜೋಸೆಫ್ ಕಿನ್ಯೂನ್ ಅವರು ಹೆಣದಿಂದ ತೆಗೆದ ದ್ರವವನ್ನು ಏಂಜೆಲ್ ದ್ವೀಪದ ಪ್ರಯೋಗಶಾಲೆಯಲ್ಲಿ ಇಲಿ, ಗಿನಿಯಿಲಿ ಮತ್ತು ಒಂದು ಮಂಗಕ್ಕೆ ಚುಚ್ಚಿದ್ದರು. ಮೂರನೆಯ ದಿನವೂ ಅವು ಬದುಕಿದ್ದುದರಿಂದ ಪ್ಲೇಗು ಸುಳ್ಳೆಂದು ತೀರ್ಮಾನವಾಗಿ ಹಗ್ಗ ಬಿಚ್ಚಲಾಯಿತು. ಎರಡು ದಿನ ಕಳೆದು ಪ್ರಾಣಿಗಳು ಸತ್ತವು. ಪಾಪ, ಸಾಯುವುದರಲ್ಲಿ ಅವು ಸಮಯಪಾಲನೆ ಮಾಡಲಿಲ್ಲ.

ಹಣ್ಣಿನ ವ್ಯಾಪಾರಕ್ಕೂ ರೈಲು ಕಂಪನಿಗಳಿಗೂ ಕಳಂಕ ತಟ್ಟಬಾರದೆಂಬ ಕಾಳಜಿಯಿದ್ದ ಗೇಜ್ ಅವರು 1901ರ ಜನವರಿಯಲ್ಲಿ ಶಾಸನಸಭೆಗೆ ಕಳಿಸಿದ ಸಂದೇಶದಲ್ಲಿ, ಹೆಣಗಳಿಗೆ ರೋಗಾಣು ಸೇರಿಸಿರಬಹುದೆಂಬ ಸಂಶಯವನ್ನು ಕಿನ್ಯೂನ್ ಅವರ ಮೇಲೆಯೇ ಹರಿಯಬಿಟ್ಟದ್ದಲ್ಲದೆ, ಪ್ಲೇಗು ಇದೆಯೆಂದು ಪ್ರಕಟಿಸುವುದನ್ನು ಘೋರ ಅಪರಾಧವೆಂದು ಸಾರಬೇಕೆಂದೂ ಸೂಚಿಸಿದರು. ಅದೇ ಹೊತ್ತಿಗೆ ಬಂದ ಮೂವರು ವಿಜ್ಞಾನಿಗಳ ಆಯೋಗ ಪ್ಲೇಗು ಇದೆಯೆಂದೇ ಖಚಿತಪಡಿಸಿತು. ಗೇಜ್ ಅವರ ಕಡೆಯಿಂದ ವಾಷಿಂಗ್ಟನ್ನಿಗೆ ನಿಯೋಗ ಹೋಯಿತು, ವರದಿ ಕಪಾಟು ಸೇರಿತು. ಅದು ಸೋರಿ ಪತ್ರಿಕೆಗಳ ಪಾಲಾದದ್ದು ಆಮೇಲೆ. ಸರಿಯಾದ ರೋಗವನ್ನು ಸರಿಯಾಗಿ ಕಂಡುಹಿಡಿದ ತಪ್ಪಿಗೆ ಕಿನ್ಯೂನ್ ಅವರಿಗೆ ಡೆಟ್ರಾಯ್ಟಿಗೆ ವರ್ಗವಾಯಿತು.

ಇದೇ ಪಿಡುಗು 1898ರಲ್ಲಿ ಬೆಂಗಳೂರಿಗೆ ಬಂದಾಗ ನಮ್ಮ ಜನ ಪ್ಲೇಗಮ್ಮನೆಂದು ಹೆಸರಿಟ್ಟು ಗುಡಿ ಕಟ್ಟಿ ಕೈಮುಗಿದರು. ಮೂಢನಂಬಿಕೆಯೇ ಇರಲಿ, ಬಂದವಳು ಬಂದಿದ್ದಾಳೆಂದಾದರೂ ಒಪ್ಪಿಕೊಂಡರಲ್ಲ.

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1904ರ ಹೊತ್ತಿಗೆ ಇಲ್ಲದ ರೋಗದಿಂದ ನೂರಕ್ಕೂ ಹೆಚ್ಚು ಜನ ಸತ್ತಿದ್ದರು. 1908ರಲ್ಲಿ ಅದು ಕ್ಯಾಲಿಫೋರ್ನಿಯಾದ ನೆಲದಳಿಲುಗಳಲ್ಲಿಯೂ ಪತ್ತೆಯಾಯಿತು. ಪಶ್ಚಿಮ ಅಮೆರಿಕದ ಕಾಡು ದಂಶಕಗಳಲ್ಲಿ ಇವತ್ತಿಗೂ ನೆಲೆಸಿದೆ. ಗವರ್ನರರ ಸಂದೇಶದ ಪ್ರತಿಯನ್ನು ಅಳಿಲುಗಳ ಬಿಲಕ್ಕೆ ಯಾರೂ ತಲುಪಿಸಿರಲಿಲ್ಲವೆಂದು ತೋರುತ್ತದೆ.