2520ಕ್ಕೆ ದೃಷ್ಟಿ ತೆಗೆಯಬೇಕಾಗಿದೆ

ಬೆಳಗೆದ್ದು ಫೋನ್ ನೋಡಿದರೆ ಮತ್ತೆ ಅದೇ ಫಾರ್ವರ್ಡ್. "2520, ರಾಮಾನುಜನ್ ಕಂಡುಹಿಡಿದ ವಿಚಿತ್ರ ಸಂಖ್ಯೆ! 1ರಿಂದ 10ರವರೆಗೆ ಎಲ್ಲದರಿಂದಲೂ ಭಾಗವಾಗುತ್ತದೆ! ವಾರದ 7 ದಿನ, ತಿಂಗಳ 30 ದಿನ, ವರ್ಷದ 12 ತಿಂಗಳು ಗುಣಿಸಿದರೂ ಅದೇ!" ಕೆಳಗೆ ಕೈಮುಗಿಯುವ ಎಮೋಜಿಗಳ ಸಾಲು. ಕಳಿಸಿದವರು ಮೇಷ್ಟ್ರು. ಅದೂ ಲೆಕ್ಕದ ಮೇಷ್ಟ್ರು!

ಸ್ವಾಮಿ, ಅದು ಲ.ಸಾ.ಅ., ಅಂದರೆ ಕೊಟ್ಟ ಸಂಖ್ಯೆಗಳಿಂದೆಲ್ಲ ಭಾಗವಾಗುವ ಅತಿ ಚಿಕ್ಕ ಸಂಖ್ಯೆ. ನೀವೇ ಕಲಿಸುವ ಪಾಠ. 1ರಿಂದ 10ರೊಳಗೆ 2ರ ಅತಿ ದೊಡ್ಡ ಘಾತ (2ನ್ನೇ ಮತ್ತೆ ಮತ್ತೆ ಗುಣಿಸಿದರೆ ಬರುವುದು) 8, 3ರದು 9, ಉಳಿದದ್ದು 5 ಮತ್ತು 7. ಎಂಟೊಂಬತ್ಲ 72, ಅದರ ಐದರಷ್ಟು 360, ಅದರ ಏಳರಷ್ಟು 2520. ಮುಗೀತು. 6 ಬೇಕೆಂದರೆ 8ರೊಳಗೆ 2, 9ರೊಳಗೆ 3 ಇದ್ದೇ ಇವೆ. ಇದು ತಿಳಿಯದೆ 1ರಿಂದ 10ರವರೆಗೆ ಎಲ್ಲವನ್ನೂ ಗುಣಿಸುತ್ತ ಹೋದರೆ 36,28,800 ಬರುತ್ತದೆ, ಬೇಕಾದ್ದರ 1440 ಪಟ್ಟು. ಇದ್ದ 2, 3, 5ಗಳನ್ನೇ ಮತ್ತೆ ಮತ್ತೆ ಸೇರಿಸಿದ ತಪ್ಪು. ಇನ್ನು ಆ 7×30×12: 30 ಅಂದರೆ 2×3×5, 12 ಅಂದರೆ 2×2×3. ಎಣಿಸಿ, ಅದೇ ಮೂರು 2, ಎರಡು 3, ಒಂದು 5, ಒಂದು 7. (ಫೆಬ್ರವರಿಗೆ 30 ದಿನ ಕೊಟ್ಟ ಪುಣ್ಯಾತ್ಮ ಯಾರೋ.)

ಮೈ ಉರಿಯುವುದು "ಕಂಡುಹಿಡಿದ" ಅನ್ನುವ ಮಾತಿಗೆ. ಕೊಟ್ಟ ಸಂಖ್ಯೆಗಳಿಂದೆಲ್ಲ ಭಾಗವಾಗುವ ಅತಿ ಚಿಕ್ಕ ಸಂಖ್ಯೆಯನ್ನು ಹುಡುಕುವ ಬಗೆ ಪ್ರಾಚೀನ ಗ್ರೀಕ್ ಗಣಿತಜ್ಞ ಯೂಕ್ಲಿಡ್‌ನ "ಎಲಿಮೆಂಟ್ಸ್" ಗ್ರಂಥದ 7ನೇ ಪುಸ್ತಕದಲ್ಲೇ ಇದೆ. ನಮ್ಮ ನೃಪತುಂಗನ ಕಾಲದ ಮಹಾವೀರಾಚಾರ್ಯ 9ನೇ ಶತಮಾನದಲ್ಲಿ ಗಣಿತಸಾರಸಂಗ್ರಹದಲ್ಲಿ ಇದನ್ನು "ನಿರುದ್ಧ" ಎಂದು ಕರೆದು, ಭಿನ್ನರಾಶಿಗಳ ಛೇದ ಸಮ ಮಾಡಲು ಬಳಸಿದ. ಅವನ ಹೆಸರು ಯಾವ ಫಾರ್ವರ್ಡಿನಲ್ಲೂ ಇಲ್ಲ.

"ಹೋಗಲಿ ಬಿಡಿ, ಮಕ್ಕಳಿಗೆ ಆಸಕ್ತಿ ಹುಟ್ಟುತ್ತಲ್ಲ" ಅನ್ನುವವರಿದ್ದಾರೆ. ಹುಟ್ಟುತ್ತಿರುವುದು ಬರೀ ಭಕ್ತಿ. "11ರಿಂದ ಹೋಗುತ್ತಾ?" ಅಂತ ಮಗು ಕೇಳಿದರೆ ಆಸಕ್ತಿ ಅನ್ನೋಣ. ಹೋಗಲ್ಲ, 1 ಉಳಿಯುತ್ತದೆ. 11 ಹೊಸ ಅವಿಭಾಜ್ಯ, ಗುಣಿಸಲೇಬೇಕು: 27,720. 12 ಪುಕ್ಕಟೆ. 13ಕ್ಕೆ 3,60,360, ಜೊತೆಗೆ 14, 15 ಪುಕ್ಕಟೆ. 16ಕ್ಕೆ ಇನ್ನೊಂದು 2 ಸಾಕು: 7,20,720.

ರಾಮಾನುಜನ್‌ಗೂ 2520ಕ್ಕೂ ನಂಟಿರುವುದು ಬೇರೆ ಕಡೆ. ತನಗಿಂತ ಚಿಕ್ಕ ಯಾವ ಸಂಖ್ಯೆಗೂ ಇಲ್ಲದಷ್ಟು ಭಾಜಕಗಳಿರುವ (ಶೇಷ ಉಳಿಸದೆ ಭಾಗಿಸುವ ಸಂಖ್ಯೆಗಳೇ ಭಾಜಕಗಳು) ಸಂಖ್ಯೆಗಳನ್ನು ಅವರು 1915ರ ಪ್ರಬಂಧದಲ್ಲಿ ಪಟ್ಟಿ ಮಾಡಿದರು. 2520 ಅಂಥದ್ದು: ಅದರಲ್ಲಿ 2, 3, 5, 7 ಎಷ್ಟೆಷ್ಟು ಸಲ ಬರುತ್ತವೆ ಎಂಬ ಘಾತಸೂಚಿಗಳು 3, 2, 1, 1. ಒಂದೊಂದಕ್ಕೂ 1 ಕೂಡಿ ಗುಣಿಸಿ, 4×3×2×2, 48 ಭಾಜಕ. ಇಂಥ ಸಂಖ್ಯೆಗಳಲ್ಲಿ ಘಾತಸೂಚಿ ಮುಂದೆ ಹೋದಂತೆ ಏರುವಂತಿಲ್ಲ. 4 ಮತ್ತು 36 ಬಿಟ್ಟರೆ ಕೊನೆಯದು 1 ಆಗಿರಲೇಬೇಕು. ಪಟ್ಟಿ ಹೋಗಿ ನಿಲ್ಲುವುದು 6746328388800ರಲ್ಲಿ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ!

ಅಷ್ಟುದ್ದದ ಪಟ್ಟಿಯಲ್ಲಿ ಒಂದು ಸಂಖ್ಯೆ ಬಿಟ್ಟುಹೋಗಿದೆ: 293318625600, ನಮ್ಮ ಲೆಕ್ಕದಲ್ಲಿ 29,331 ಕೋಟಿ ಚಿಲ್ಲರೆ. ಬಿಡಿಸಿದರೆ 2, 3, 5, 7ರ ಘಾತಸೂಚಿಗಳು 6, 4, 2, 2. ಆಮೇಲೆ 11, 13, 17, 19 ಒಂದೊಂದು ಸಲ. ಭಾಜಕ 7×5×3×3×16, ಅಂದರೆ 5040. ಹಿಂದಿನ 195545750400ಕ್ಕೆ 4608, ಮುಂದಿನ 321253732800ಕ್ಕೆ 5376. ನಡುವಿನದು ಮಾತ್ರ ಕಣ್ತಪ್ಪಿಸಿಕೊಂಡಿದೆ.

ಮೇಷ್ಟ್ರೇ, ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ. ಆ 5040 ಇದೆಯಲ್ಲ, ಅದು 2520ರ ಎರಡರಷ್ಟು. ಬೇಕಿದ್ದರೆ ಅದಕ್ಕೂ ಒಂದು ಎಮೋಜಿ ಹಾಕಿಕೊಳ್ಳಿ.