ಸಮನ್ಸಿನ ಹಿಂಬದಿಯ ಷರಾ

ಪರಿಚಿತರೊಬ್ಬರ ಮೇಲೆ ಜಾಮೀನುರಹಿತ ವಾರಂಟ್ ಹೊರಟಿರುವುದು ತಿಳಿದು ಕಡತದ ನಕಲು ತೆಗೆಸಿ ನೋಡಿದಾಗ, ಸಮನ್ಸಿನ ಹಿಂಬದಿಯಲ್ಲಿ ಇದ್ದದ್ದು ಜಾರಿಗೆ ಹೋದವರು ಬರೆದ ಒಂದೇ ವಾಕ್ಯದ ಷರಾ, ಅಂದರೆ ಟಿಪ್ಪಣಿ: ‘ಸದರಿ ವಿಳಾಸಕ್ಕೆ ಭೇಟಿ ನೀಡಲಾಗಿ ಮನೆಗೆ ಬೀಗ ಹಾಕಿದ್ದು, ಅಕ್ಕಪಕ್ಕದವರನ್ನು ವಿಚಾರಿಸಲಾಗಿ ಮಾಹಿತಿ ದೊರೆತಿರುವುದಿಲ್ಲ.’ ಹೋದ ದಿನಾಂಕವಿಲ್ಲ, ವೇಳೆಯಿಲ್ಲ, ವಿಚಾರಿಸಿದ ನೆರೆಯವರ ಹೆಸರೂ ಇಲ್ಲ. ನನ್ನ ಪರಿಚಿತರು ಹಗಲೆಲ್ಲ ಕೆಲಸಕ್ಕೆ ಹೋಗಿ ರಾತ್ರಿ ಅದೇ ಮನೆಗೆ ಮರಳುವವರು. ಆದರೂ ನ್ಯಾಯಾಲಯದ ಆರ್ಡರ್ ಶೀಟ್‌ನಲ್ಲಿ ‘ಆರೋಪಿ ಗೈರು’ ಎಂದು ದಾಖಲಾಗಿ, ಮುಂದಿನ ದಿನಾಂಕದಂದೇ ವಾರಂಟ್ ಆಗಿದೆ.

ಇದನ್ನು ಸಮನ್ಸ್ ಜಾರಿಯೆಂದು ಒಪ್ಪಲು ನನಗೆ ಸಾಧ್ಯವಿಲ್ಲ. 2024ರ ಜುಲೈ 1ರಂದು ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದರೂ ಕ್ರಮ ಬಹುಮಟ್ಟಿಗೆ ಹಳೆಯದೇ: ಸಾಧ್ಯವಾದಷ್ಟೂ ವ್ಯಕ್ತಿಯ ಕೈಗೇ ಕೊಟ್ಟು ಇನ್ನೊಂದು ಪ್ರತಿಯ ಹಿಂಬದಿಯಲ್ಲಿ ಸಹಿ ಪಡೆಯಬೇಕು, ಶ್ರದ್ಧೆಯಿಂದ ಹುಡುಕಿಯೂ ಸಿಗದಿದ್ದರೆ ಜೊತೆಯಲ್ಲಿ ವಾಸಿಸುವ ಕುಟುಂಬದ ವಯಸ್ಕರಿಗೆ ಕೊಡಬೇಕು. (ಹಿಂದಿನ ಸಂಹಿತೆ ಇಲ್ಲಿ ಗಂಡಸರನ್ನಷ್ಟೇ ಹೇಳಿತ್ತು, ಹೆಂಡತಿ ಬಾಗಿಲಲ್ಲೇ ನಿಂತಿದ್ದರೂ ಕಾನೂನಿನ ಲೆಕ್ಕಕ್ಕೆ ಬರುತ್ತಿರಲಿಲ್ಲ. ಮನೆಗೆಲಸದವರು ಆಗಲೂ ಈಗಲೂ ಲೆಕ್ಕಕ್ಕಿಲ್ಲ.) ಅದೂ ಆಗದಿದ್ದರೆ ಮಾತ್ರ, ಹೊಸ ಸಂಹಿತೆಯ 67ನೇ ಕಲಮಿನಂತೆ, ಮನೆಯ ಎದ್ದು ಕಾಣುವ ಭಾಗಕ್ಕೆ ಒಂದು ಪ್ರತಿಯನ್ನು ಅಂಟಿಸಬೇಕು. ಅಂಟಿಸಿದ ಮಾತ್ರಕ್ಕೆ ಜಾರಿ ಆಗಿಬಿಡುವುದಿಲ್ಲ. ನ್ಯಾಯಾಲಯ ತನಗೆ ತಕ್ಕದೆಂದು ಕಂಡ ವಿಚಾರಣೆ ನಡೆಸಿ, ಜಾರಿಯಾಗಿದೆಯೆಂದು ಘೋಷಿಸಬೇಕು ಅಥವಾ ಹೊಸದಾಗಿ ಜಾರಿಮಾಡಲು ಆದೇಶಿಸಬೇಕು. ನಾನು ನೋಡಿದ ಕಡತದಲ್ಲಿ ಅಂಟಿಸಿದ ಉಲ್ಲೇಖವೂ ಇರಲಿಲ್ಲ, ಘೋಷಣೆಯೂ ಇರಲಿಲ್ಲ.

ಸಮನ್ಸ್ ತಪ್ಪಿಸಿಕೊಂಡು ತಿರುಗುವವರು ಇದ್ದಾರೆ, ಅದನ್ನು ಅಲ್ಲಗಳೆಯುವುದಿಲ್ಲ. ಚೆಕ್ ಪ್ರಕರಣಗಳಲ್ಲಿ ಅಂಚೆಯವರು ‘ಸ್ವೀಕರಿಸಲು ನಿರಾಕರಿಸಿದರು’ ಎಂದು ಬರೆದರೆ ಅದನ್ನೇ ಜಾರಿಯೆಂದು ಘೋಷಿಸಲು ಕಾನೂನಿನಲ್ಲಿ ಅವಕಾಶವಿರುವುದು ಅಂಥವರಿಗಾಗಿಯೇ. ಆದರೆ ನಿರಾಕರಣೆ ಬೇರೆ, ಬೀಗ ಬೇರೆ. ಸಮನ್ಸಿಗೆ ಬಾರದವರ ಮೇಲೆ ವಾರಂಟ್ ಹೊರಡಿಸಬೇಕಾದರೆ, ಹಾಜರಾಗಲು ಕಾಲಾವಕಾಶ ಇರುವಂತೆ ಆ ಸಮನ್ಸ್ ಜಾರಿಯಾಗಿತ್ತೆಂಬುದು ರುಜುವಾತಾಗಿರಬೇಕು ಎಂದು ಹೊಸ ಸಂಹಿತೆಯ 90ನೇ ಕಲಮು ಹೇಳುತ್ತದೆ. ಮೊದಲು ಸಮನ್ಸ್, ಬಳಿಕ ಜಾಮೀನು ಸಹಿತ ವಾರಂಟ್, ಆಮೇಲಷ್ಟೇ ಜಾಮೀನುರಹಿತ ವಾರಂಟ್ ಎಂಬ ಕ್ರಮವನ್ನು ಸುಪ್ರೀಂ ಕೋರ್ಟ್ ಇಂದರ್ ಮೋಹನ್ ಗೋಸ್ವಾಮಿ ಪ್ರಕರಣದಲ್ಲಿ 2007ರಲ್ಲೇ ವಿವರಿಸಿದೆ. ಇಲ್ಲಿ ನಡುವಿನ ಮೆಟ್ಟಿಲನ್ನೇ ಹಾರಿದ್ದಾರೆ.

ಪರಿಚಿತರು ತಾವಾಗಿಯೇ ಹಾಜರಾಗಿ ಜಾಮೀನು ಕೇಳಿದ್ದಾರೆ. ಅದಕ್ಕೆ ಸಲ್ಲಿಸಿರುವ ತಕರಾರಿನಲ್ಲಿ, ‘ಆರೋಪಿಯು ಈ ಹಿಂದೆ ತಲೆಮರೆಸಿಕೊಂಡಿದ್ದು’ ಎಂಬುದಕ್ಕೆ ಕೊಟ್ಟಿರುವ ಆಧಾರ, ದಿನಾಂಕವಿಲ್ಲದ ಅದೇ ಷರಾ.